ಎಪ್ಪತ್ತೆರಡನೇ ಪುಟದ ನರ್ಸಮ್ಮ

ಬಡವನಹಳ್ಳಿಯ ಪುಷ್ಪಾವತಿ ಕಾದಂಬರಿ ಮುಟ್ಟುವವರಲ್ಲ. ‘ನಡೆಯದೇ ಇದ್ದದ್ದನ್ನ ಓದಿ ಯಾಕೆ ಅಳಬೇಕು? ನಡೆದದ್ದೇ ಬೇಕಾದಷ್ಟಿದೆ’ ಎನ್ನುವುದು ಅವರ ವಾದ. ಮೂವತ್ತೈದು ವರ್ಷ ಸರ್ಕಾರಿ ನರ್ಸಾಗಿ ಹಳ್ಳಿಹಳ್ಳಿ ತಿರುಗಿ ನಿವೃತ್ತರಾದ ಮೇಲೆ ಪಂಚಾಯ್ತಿ ಲೈಬ್ರರಿಯಲ್ಲಿದ್ದ ಆತ್ಮಕಥೆಗಳನ್ನೆಲ್ಲ ಒಂದೇ ವರ್ಷದಲ್ಲಿ ಓದಿ ಮುಗಿಸಿದರು. ಆಮೇಲೆ ಮಧುಗಿರಿಯ ಲೈಬ್ರರಿಗೂ ಮೆಂಬರಾದರು. ಜೇನು ಸಾಕಿದವರ ಅನುಭವ, ರೈಲ್ವೆ ಗಾರ್ಡೊಬ್ಬರ ನೆನಪು, ಕೆರೆಗಳ ಮೇಲೆ ಬರೆದದ್ದು, ಹಾವು ಕಡಿತದ ಮೇಲೆ ಬರೆದದ್ದು, ಯಾವುದಾದರೂ ಸರಿ, ನಿಜವಾಗಿರಬೇಕು.

ಓದುವುದಕ್ಕೂ ಅವರದೇ ಒಂದು ಕ್ರಮವಿತ್ತು. ಮೊದಲು ಫೋಟೋಗಳನ್ನು ನೋಡುವುದು. ಆಮೇಲೆ ಬರೆದವರು ಎಲ್ಲಾದರೂ ‘ಇದು ನನಗೆ ಸರಿಯಾಗಿ ನೆನಪಿಲ್ಲ’ ಎಂದಿದ್ದಾರೆಯೇ ಎಂದು ಹುಡುಕುವುದು. ಹಾಗೆ ಅಂದವರನ್ನು ಅವರು ಪೂರ್ತಿ ನಂಬುತ್ತಿದ್ದರು. ಬಾಲ್ಯಕ್ಕೆ ನೂರು ಪುಟ ಕೊಟ್ಟು ಹೆಂಡತಿಗೆ ಅರ್ಧ ಪುಟ ಕೊಟ್ಟವರ ಮೇಲೆ ಕೆಂಡದಂಥ ಸಿಟ್ಟು. ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗಂಡ ಪರ್ವತಯ್ಯ ಮಧ್ಯಾಹ್ನ ಊಟಕ್ಕೆ ಬಂದಾಗ ಮುದ್ದೆಯ ಜೊತೆಗೆ ಇದರ ವರದಿಯೂ ಬೀಳುತ್ತಿತ್ತು.

“ಈ ಮನುಷ್ಯ ಒಂದು ಸಲಾನೂ ತಪ್ಪು ಮಾಡಿಲ್ವಂತೆ ಕಣ್ರೀ. ಮುನ್ನೂರು ಪುಟ!”

“ತಪ್ಪೆಲ್ಲ ಬರೆದ್ರೆ ಆರ್ನೂರು ಆಗ್ತದೆ ಅಂತ ಬಿಟ್ಟಿರ್ಬೇಕು. ಸಾರು ಬಿಡು” ಎನ್ನುತ್ತಿದ್ದರು ಪರ್ವತಯ್ಯ.

ಹೋದ ವರ್ಷ ಕಾರ್ತೀಕ ಮಾಸದಲ್ಲಿ ತುಮಕೂರಿನಿಂದ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಡಾಕ್ಟರ್ ಪ್ರಭುದೇವ್ ಕಳಿಸಿದ್ದು. ಪುಷ್ಪಾವತಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾವಗಡ ಕಡೆಯ ಆಸ್ಪತ್ರೆಯಲ್ಲಿ ಅವರೇ ಡಾಕ್ಟರು. ಈಗ ಅವರೂ ನಿವೃತ್ತರಾಗಿ, ‘ಜೀಪು ಹೋಗದ ಊರುಗಳು’ ಎಂದು ಹೆಸರಿಟ್ಟು ತಮ್ಮ ನೆನಪುಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ಒಳಗೆ ಒಂದು ಚೀಟಿ: ‘ಸಿಸ್ಟರ್, ಎಪ್ಪತ್ತೆರಡನೇ ಪುಟ ನೋಡಿ.’

ಪುಷ್ಪಾವತಿ ಫೋಟೋಗಳನ್ನೂ ನೋಡದೆ ಆ ಪುಟ ತೆಗೆದರು.

ಸಾವಿರದ ಒಂಬೈನೂರ ಎಂಬತ್ತೆಂಟರ ಬೇಸಿಗೆ. ಕ್ಯಾತಗಾನಚೆರ್ಲಿನಲ್ಲಿ ಕಾಲು ಮುಂದಾಗಿ ಬರುತ್ತಿದ್ದ ಒಂದು ಕೂಸು. ಜೀಪು ದಾರಿಯಲ್ಲಿ ಕೆಟ್ಟು ನಿಂತು, ಡಾಕ್ಟರು ಉರಿಬಿಸಿಲಲ್ಲಿ ನಡೆದುಕೊಂಡು ಊರು ಮುಟ್ಟುವಷ್ಟರಲ್ಲಿ ಹೆರಿಗೆ ಮುಗಿದಿತ್ತು. ‘ಇಪ್ಪತ್ತೇಳರ ಆ ಹುಡುಗಿ, ನಮ್ಮ ನರ್ಸ್ ಪುಷ್ಪಾವತಿ, ಒಬ್ಬಳೇ ಎದೆಗೆಡದೆ ಎರಡು ಜೀವ ಉಳಿಸಿದ್ದಳು. ನಾನು ಕಂಡ ಧೈರ್ಯವಂತರಲ್ಲಿ ಆಕೆಯೇ ಮೊದಲು’ ಎಂದು ಡಾಕ್ಟರು ಮನಸಾರೆ ಬರೆದಿದ್ದರು.

ಪರ್ವತಯ್ಯ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸಂಜೆಯೊಳಗೆ ಪೇಟೆಬೀದಿಗೆಲ್ಲ ಸುದ್ದಿಯಾಯಿತು. ಪುಷ್ಪಾವತಿಗೆ ಮಾತ್ರ ರಾಗಿಹಿಟ್ಟು ಕಲೆಸುತ್ತಿದ್ದ ಕೈ ನಿಂತೇ ಹೋಗಿತ್ತು. ಹೆರಿಗೆ ಮಾಡಿಸಿದ್ದು ಅವರಲ್ಲ, ಅದೇ ಊರಿನ ಸೂಲಗಿತ್ತಿ ಕದರಮ್ಮ.

ಅವರಿಗೆ ಎಲ್ಲವೂ ನೆನಪಿತ್ತು. ಕೂಸಿನ ಕಾಲು ಕಂಡೊಡನೆ ತಾವು ಹೆದರಿ ಎಳೆಯಲು ಕೈ ಹಾಕಿದ್ದು. ಟ್ರೇನಿಂಗಿನಲ್ಲಿ ಬೊಂಬೆ ಇಟ್ಟು ಕಲಿಸಿದ್ದೆಲ್ಲ ಮರೆತದ್ದು. ಕದರಮ್ಮ “ಅಂಗೇ ಕುಂತ್ಕೋ ತಾಯಿ, ಎಳೀಬ್ಯಾಡ” ಎಂದು ತಾನು ಮುಂದಕ್ಕೆ ಬಂದದ್ದು. ಭುಜ ಇಳಿಯುವತನಕ ಕಾದು, ಕೂಸಿನ ಬಾಯಿಗೆ ಬೆರಳಿಟ್ಟು ತಲೆ ಬಗ್ಗಿಸಿ, ಬಾವಿಯಿಂದ ಕೊಡ ಎತ್ತಿಕೊಂಡಷ್ಟು ಸಲೀಸಾಗಿ ಆಕೆ ಹೊರಗೆ ತಂದಿದ್ದಳು. ಡಾಕ್ಟರು ಬಾಗಿಲಲ್ಲಿ ನಿಂತಾಗ ಕೂಸು ಪುಷ್ಪಾವತಿಯ ಕೈಯಲ್ಲಿತ್ತು. “ಭೇಷ್ ಸಿಸ್ಟರ್!” ಎಂದರು. ಸೂಲಗಿತ್ತಿಯರ ಕೈಗೆ ಹೆರಿಗೆ ಬಿಡಬಾರದೆಂದು ಮೇಲಿನವರು ಬಿಗಿ ಮಾಡಿದ್ದ ಕಾಲ. ಪುಷ್ಪಾವತಿ ಬಾಯಿ ಬಿಡಲಿಲ್ಲ. ರಿಜಿಸ್ಟರಿನಲ್ಲೂ ತಮ್ಮ ಹೆಸರನ್ನೇ ಬರೆದರು. ಅಷ್ಟು ಪುಸ್ತಕ ಓದಿ ಅಷ್ಟು ಜನರ ಸುಳ್ಳು ಹಿಡಿದವರಿಗೆ ಈಗ ತಮ್ಮದೇ ಸುಳ್ಳು ಅಚ್ಚಾಗಿ ಅಂಚೆಯಲ್ಲಿ ಬಂದಿತ್ತು.

“ನಾಳೆ ಪಾವಗಡಕ್ಕೆ ಹೋಗ್ಬತ್ತೀನಿ” ಎಂದರು ಗಂಡನಿಗೆ. ವಿಷಯ ಕೇಳಿದ ಪರ್ವತಯ್ಯ, “ಹೋಗ್ಬಾ. ನಾನು ಪೇಟೆಯವರಿಗೆಲ್ಲ ಹೇಳ್ಬಿಟ್ಟಿದೀನಲ್ಲೇ” ಎಂದಷ್ಟೇ ಹೇಳಿದರು.

ಮಧುಗಿರಿಯಲ್ಲೊಂದು, ಪಾವಗಡದಲ್ಲೊಂದು ಬಸ್ಸು ಬದಲಿಸಿ ಕ್ಯಾತಗಾನಚೆರ್ಲಿನಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ. ಹಿಂದೆ ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳ ತುಂಬ ಈಗ ಸೋಲಾರ್ ಪ್ಯಾನಲ್ಲುಗಳು ಸಾಲಾಗಿ ಆಕಾಶ ನೋಡುತ್ತಿದ್ದವು. ಕದರಮ್ಮನ ಎರಡೆಕರೆಯೂ ಅದರಲ್ಲೇ ಗುತ್ತಿಗೆಗೆ ಹೋಗಿತ್ತು. ಎಂಬತ್ತು ದಾಟಿದ ಮುದುಕಿ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣು ಮಂಜಾಗಿದ್ದರೂ ದನಿ ಹಿಡಿದಳು.

“ನರ್ಸಮ್ಮನಾ? ರಾ ತಲ್ಲಿ, ಬಾ. ಇಷ್ಟು ದಪ್ಪ ಆಗ್ಬುಟ್ಟಿದೀಯಲ್ಲಮ್ಮ!”

ಪುಷ್ಪಾವತಿ ನೀರು ಕುಡಿದು, ಪುಸ್ತಕ ತೆಗೆದು, ಆ ಪುಟವನ್ನು ಒಂದಕ್ಷರ ಬಿಡದೆ ಓದಿದರು. ಮುಗಿಸಿ, “ತಪ್ಪಾಯ್ತು ಕದರಮ್ಮ. ಅವತ್ತೇ ಹೇಳ್ಬೇಕಿತ್ತು” ಎಂದರು.

‘ಹೋಗ್ಲಿ ಬುಡು’ ಎನ್ನುತ್ತಾಳೆಂದು ಅವರು ಒಳಗೊಳಗೇ ಕಾದಿದ್ದರು. ಕದರಮ್ಮ ಹಾಗನ್ನಲಿಲ್ಲ.

“ನಂಗೆ ಗೊತ್ತಿತ್ತು ಕಣಮ್ಮ. ಆಸ್ಪತ್ರೆ ಪುಸ್ತಕದಾಗೆ ನಿನ್ನೆಸ್ರು ಬರ್ಕಂಡೆ ಅಂತ ಆಗ್ಲೇ ಯಾರೋ ಹೇಳಿದ್ರು. ಎರಡು ವರ್ಷ ನಿನ್ ಮ್ಯಾಲೆ ಹೊಟ್ಟೆ ಉರೀತಿತ್ತು. ಒಂದ್ಸಲ ಹೆರಿಗೆಗೆ ನೀನು ಹೇಳಿ ಕಳಿಸ್ದಾಗ ನಾನು ಜ್ವರ ಅಂತ ಬರ್ಲಿಲ್ಲ, ನೆಪ್ಪೈತಾ? ಜ್ವರನೂ ಇರ್ಲಿಲ್ಲ, ಏನೂ ಇರ್ಲಿಲ್ಲ.”

ಮುದುಕಿ ನಾಲ್ಕು ಬೀಜ ಬಿಡಿಸಿ, ಪುಷ್ಪಾವತಿಯ ಮಂಡಿಯ ಮೇಲೆ ಕೈಯಿಟ್ಟಳು. “ಆಮ್ಯಾಕೆ ಮರ್ತೆ. ನಮ್ಮ ಸೊಸೆ ಹೆರಿಗೇಲಿ ನೀನು ಮೂರು ದಿನ ಮನೇಗೇ ಹೋಗ್ದೆ ಇಲ್ಲೇ ಬಿದ್ದಿದ್ದೆ. ಅದನ್ನ ಆ ಡಾಕ್ಟ್ರು ಬರ್ದವ್ರಾ?”

“ಇಲ್ಲ.”

“ಏನು ಪುಸ್ತಕವೋ ಏನೋ! ಬರೀಬೇಕಾದ್ದು ಬುಟ್ಟು…” ಎಂದು ನಕ್ಕು, ಆಮೇಲೆ ದನಿ ತಗ್ಗಿಸಿ ಕೇಳಿದಳು: “ನನ್ನೆಸ್ರು ಅದ್ರಾಗೆ ಹಾಕ್ಸಕ್ಕಾಯ್ತದಾ? ನಂಗೆ ಓದಕ್ಕೆ ಬರಲ್ಲ. ಆದ್ರೂ ಹೆಂಗೆ ಕಾಣ್ತದೋ ನೋಡ್ಬೇಕು.”

ಅಲ್ಲಿಂದಲೇ ಪುಷ್ಪಾವತಿ ಡಾಕ್ಟರಿಗೆ ಫೋನು ಮಾಡಿದರು. ಪ್ರಭುದೇವ್ ಪೂರ್ತಿ ಕೇಳಿದರು. “ನೀವೇ ಮಾಡಿದ್ರಿ ಅಂತ ನಾನು ಎಷ್ಟು ಕಡೆ ಭಾಷಣ ಮಾಡಿದೀನಿ ಗೊತ್ತಾ ಸಿಸ್ಟರ್?” ಎಂದು ನಿಟ್ಟುಸಿರಿಟ್ಟರು. ಮಾರಾಟವಾಗದ ಪ್ರತಿಗಳ ಕಟ್ಟು ಮಂಚದ ಕೆಳಗೆ ಇನ್ನೂ ಹಾಗೇ ಇದೆ, ತಿದ್ದುಪಡಿಯ ಚೀಟಿ ಅಚ್ಚು ಹಾಕಿಸಿ ಎಲ್ಲದಕ್ಕೂ ಅಂಟಿಸೋಣ ಎಂದರು. “ಆದ್ರೆ ಬರೆಯೋದು ನೀವು. ನಂದು ಒಂದು ಸಲ ತಪ್ಪಾಗಿದೆ.”

ನಾಲ್ಕು ಸಾಲಿನ ಚೀಟಿ. ಅದನ್ನು ಬರೆಯಲು ಪುಷ್ಪಾವತಿಗೆ ಹನ್ನೊಂದು ದಿನ ಹಿಡಿಯಿತು. ‘ನಾನು ಹೆದರಿದ್ದೆ’ ಎಂದು ಬರೆದರೆ ಎಲ್ಲರ ಮುಂದೆ ಸಣ್ಣವರಾದಂತೆ; ‘ನಿಯಮಕ್ಕೆ ಅಂಜಿ ಸುಮ್ಮನಿದ್ದೆ’ ಎಂದರೆ ನೆಪ ಹೇಳಿದಂತೆ; ತಪ್ಪೊಪ್ಪಿಗೆ ಉದ್ದವಾದರೆ ಅದೂ ಒಂದು ಜಂಬವೇ. ಅಷ್ಟು ಆತ್ಮಕಥೆ ಬರೆದವರೆಲ್ಲ ಎಂಥ ಇಕ್ಕಟ್ಟಿನಲ್ಲಿ ಕೂತು ಬರೆದಿದ್ದರು ಎಂಬುದು ಅವರಿಗೆ ಮೊದಲ ಬಾರಿಗೆ ತಿಳಿಯಿತು. ಒಂದು ಸಲವೂ ತಪ್ಪು ಮಾಡದ ಆ ಮುನ್ನೂರು ಪುಟದ ಮನುಷ್ಯನ ಮೇಲೂ ಕನಿಕರ ಹುಟ್ಟಿತು. ಕೊನೆಗೆ ಬರೆದದ್ದು ಇಷ್ಟು: ‘ಈ ಹೆರಿಗೆ ಮಾಡಿಸಿದವರು ಕ್ಯಾತಗಾನಚೆರ್ಲಿನ ಸೂಲಗಿತ್ತಿ ಕದರಮ್ಮ. ನಾನು ಪಕ್ಕದಲ್ಲಿದ್ದೆ. ನನಗೆ ಭಯವಾಗಿತ್ತು. ಆ ದಿನ ಇದನ್ನು ಹೇಳದೆ ಹೋದೆ. – ಪುಷ್ಪಾವತಿ, ನರ್ಸ್.’ ಪರ್ವತಯ್ಯ ಅದನ್ನು ಅಂಗಡಿಗೆ ಒಯ್ದು ಬಂದವರಿಗೆಲ್ಲ ತಾವೇ ಓದಿ ಹೇಳಿದರು.

ಚೀಟಿ ಅಂಟಿಸಿದ ಪ್ರತಿಯನ್ನು ಪುಷ್ಪಾವತಿ ತಾವೇ ಕೊಂಡೊಯ್ದರು. ಅಂದು ಕಾಲು ಮುಂದಾಗಿ ಹುಟ್ಟಿದ್ದ ಓಬಳೇಶನೂ ಆ ಹೊತ್ತಿಗೆ ಜಗುಲಿಗೆ ಬಂದಿದ್ದ. ಈಗ ಮೂವತ್ತಾರರ ಆಳು, ಸೋಲಾರ್ ಪಾರ್ಕಿನಲ್ಲಿ ಎಲೆಕ್ಟ್ರಿಷಿಯನ್. ಅವನೇ ಚೀಟಿ ಓದಿದ. ಕದರಮ್ಮ ತನ್ನ ಹೆಸರಿನ ಜಾಗಕ್ಕೆ ಅವನ ಕೈಯಿಂದ ತನ್ನ ಬೆರಳು ಇಡಿಸಿಕೊಂಡು, “ಇಷ್ಟು ಸಣ್ಕೈತಾ?” ಎಂದಳು. ಪುಸ್ತಕ ಕಬ್ಬಿಣದ ಪೆಟ್ಟಿಗೆಯೊಳಗೆ ರೇಷನ್ ಕಾರ್ಡಿನ ಪಕ್ಕ ಸೇರಿತು.

ಆಮೇಲೆ ಪುಷ್ಪಾವತಿ ತಿಂಗಳಿಗೊಮ್ಮೆ ಕ್ಯಾತಗಾನಚೆರ್ಲಿಗೆ ಹೋಗುವುದು ರೂಢಿಯಾಯಿತು. ಹೋಗುವಾಗ ಚೀಲದಲ್ಲಿ ಒಂದು ಆತ್ಮಕಥೆ ಇರುತ್ತದೆ. ಇವರು ಓದುತ್ತಾರೆ, ಕದರಮ್ಮ ಬೀಜ ಬಿಡಿಸುತ್ತ ಕೇಳುತ್ತಾಳೆ. ಮೊನ್ನೆ ದೊಡ್ಡ ಅಧಿಕಾರಿಯಾಗಿದ್ದವರೊಬ್ಬರ ಪುಸ್ತಕ. ನಲವತ್ತು ಪುಟ ಆಗುವಷ್ಟರಲ್ಲಿ ಮುದುಕಿ ಕೈಯೆತ್ತಿ ನಿಲ್ಲಿಸಿದಳು.

“ತಡಿ ನರ್ಸಮ್ಮ. ಈ ಯಪ್ಪ ಇಷ್ಟೆಲ್ಲ ಊರು ಉದ್ಧಾರ ಮಾಡವ್ನೆ. ಒಂದಿನಾನೂ ಇವನಿಗೆ ಹೊಟ್ಟೆ ಹಸೀಲಿಲ್ವಾ?”

ಪುಷ್ಪಾವತಿ ಹಿಂದಿನ ಪುಟಗಳನ್ನು ಮಗುಚಿ ಹುಡುಕತೊಡಗಿದರು.