ಬೆನ್ನು ತೊಳೆದ ಶುಕ್ರವಾರ

ನನ್ನ ತಮ್ಮ ಇಸ್ಲ್ವಿನ್ ಕಮ್ಯುನಿಸ್ಟ್. ದೇವರಿಲ್ಲ ಅಂತ ಮೇಜು ಗುದ್ದಿ ಹೇಳುತ್ತಿದ್ದ. ಹಾಗಂತ ಭಾನುವಾರ ಚಾಪೆಲ್ಲಿನ ಗಾಯನ ತಂಡದ ಹಿಂದಿನ ಸಾಲಿನಲ್ಲಿ ನಿಂತು ದೇವರ ಹಾಡು ಹಾಡುವುದನ್ನು ಒಂದು ವಾರವೂ ತಪ್ಪಿಸಿದವನಲ್ಲ. ಅಷ್ಟು ಆಳದ, ತುಂಬಿದ ದನಿ ನಮ್ಮ ಕಣಿವೆಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಪಾದ್ರಿಗಳು ಗೊಣಗಿದಾಗ ತಂಡ ನಡೆಸುವ ಹಾಪ್ಕಿನ್ ಮಾಸ್ತರರು, "ಅವನು ದೇವರನ್ನ ನಂಬದಿದ್ರೆ ಹೋಗ್ಲಿ ಬಿಡಿ ಸ್ವಾಮಿ, ತಾಳ ನಂಬ್ತಾನಲ್ಲ, ನನಗಷ್ಟು ಸಾಕು" ಅಂದುಬಿಟ್ಟರು.

ಶನಿವಾರ ಸಹಕಾರಿ ಅಂಗಡಿಯ ಮುಂದೆ ನಿಂತು ಪಾರ್ಟಿ ಪತ್ರಿಕೆ ಮಾರುತ್ತಿದ್ದ. ಕೊಳ್ಳದವರನ್ನೂ ಬಿಡದೆ ಹಿಡಿದು ನಿಲ್ಲಿಸಿ ಓದಿ ಹೇಳುತ್ತಿದ್ದ. ಅವನನ್ನು ದೂರದಿಂದ ಕಂಡೇ ಜನ ಆಚೆ ಬದಿಗೆ ದಾಟುತ್ತಿದ್ದರು. ದಾಟಿದವರೇ ತಮ್ಮ ಮನೆಯ ಚಿಮಣಿ ಕಟ್ಟಿಕೊಂಡರೆ, ಹೆಣ ಹೊರಲು ಒಂದು ಹೆಗಲು ಕಡಿಮೆ ಬಿದ್ದರೆ, ಅವನನ್ನೇ ಕೂಗುತ್ತಿದ್ದರು. ಅವನೂ ಹೋಗುತ್ತಿದ್ದ, ಅಲ್ಲೂ ಭಾಷಣ ಬಿಗಿಯುತ್ತಿದ್ದ. ನನಗೆ ಅವನ ಮೇಲೆ ದಿನಕ್ಕೆ ಮೂರು ಸಲವಾದರೂ ರೇಗುತ್ತಿತ್ತು, ಅವನಷ್ಟು ಪ್ರೀತಿಯ ಮನುಷ್ಯ ನನಗೆ ಬೇರೆ ಯಾರೂ ಇರಲಿಲ್ಲ.

ಮನೆಯಲ್ಲಿ ನಾವು ಮೂವರು. ಅವ್ವ ಹನ್ನಾ, ಹೊಲಿಗೆ ಕೆಲಸದ ನಾನು, ಹದಿನಾಲ್ಕನೇ ವಯಸ್ಸಿಗೇ ಕಲ್ಲಿದ್ದಲ ಗಣಿಗಿಳಿದ ಅವನು. ಅಪ್ಪನನ್ನು ಅದೇ ಗಣಿ ನುಂಗಿ ಹನ್ನೊಂದು ವರ್ಷವಾಗಿತ್ತು.

ಸಾವಿರದ ಒಂಬೈನೂರ ಮೂವತ್ತೇಳರ ಮಾರ್ಚ್ ತಿಂಗಳು. ಸ್ಪೇನಿನಲ್ಲಿ ಸೇನಾಪತಿಗಳು ಜನ ಆರಿಸಿದ ಸರ್ಕಾರದ ಮೇಲೇ ಬಂದೂಕು ತಿರುಗಿಸಿ ಎಂಟು ತಿಂಗಳಾಗಿತ್ತು. ಆ ಸರ್ಕಾರದ ಪರ ಹೋರಾಡಲು ನಮ್ಮ ಕಣಿವೆಯ ಹುಡುಗರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಹೋಗುವುದನ್ನು ನಮ್ಮ ಸರ್ಕಾರ ನಿಷೇಧಿಸಿತ್ತು. ಅದಕ್ಕೆ ಪಾರ್ಟಿಯ ಕಟ್ಟಪ್ಪಣೆ, ಯಾರಿಗೂ ಹೇಳಬೇಡ, ಹೆತ್ತವಳಿಗೂ ಹೇಳಬೇಡ.

ಇಸ್ಲ್ವಿನ್ ಹೇಳಲಿಲ್ಲ. ಆದರೆ ಅವನ ಪೆದ್ದುತನವೇ ಹೇಳಿತು.

ಬೆನ್ನು ತೊಳೆದರೆ ಬೆನ್ನೆಲುಬಿನ ಶಕ್ತಿ ಹೋಗುತ್ತದೆ ಅನ್ನುವುದು ನಮ್ಮ ಗಣಿಯವರ ನಂಬಿಕೆ. ಸಂಜೆ ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಕೂತು ಮೈಯೆಲ್ಲ ತಿಕ್ಕುತ್ತಾರೆ, ಬೆನ್ನಿಗೆ ಮಾತ್ರ ಒಣ ಬಟ್ಟೆ ಆಡಿಸಿ ಬಿಡುತ್ತಾರೆ. ದೇವರನ್ನೇ ಬಿಟ್ಟ ನನ್ನ ತಮ್ಮ ಇದೊಂದನ್ನು ಬಿಟ್ಟಿರಲಿಲ್ಲ. ಆ ಶುಕ್ರವಾರ ತೊಟ್ಟಿಯಲ್ಲಿ ಕೂತವನು, "ಗ್ವೆನ್, ಸ್ವಲ್ಪ ಬೆನ್ನು ತಿಕ್ಕೇ" ಅಂದ.

ನಾನು ಸೋಪು ಹಿಡಿದು ಬಾಯಿಬಿಟ್ಟುಕೊಂಡು ನಿಂತೆ. ಅವ್ವ ಈರುಳ್ಳಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟು ಬಂದಳು. ನನ್ನ ಕೈಯಿಂದ ಸೋಪು ಕಿತ್ತುಕೊಂಡು ತಾನೇ ತಿಕ್ಕತೊಡಗಿದಳು. ಕಪ್ಪು ಹೋದ ಹಾಗೆ ಒಳಗಿನ ಹಳೆಯ ಗಾಯಗಳು ನೀಲಿಯಾಗಿ ಕಂಡವು.

"ಎಲ್ಲಿಗೆ ಹೊರಟಿದ್ದೀಯ?"

"ಲಂಡನ್ನಿಗೆ ಅವ್ವ. ಸಭೆ ಇದೆ."

"ಲಂಡನ್ನಿನ ಸಭೇಲಿ ಅಂಗಿ ಬಿಚ್ಚಿಸ್ತಾರೇನೋ?"

ಅವನು ಬಗ್ಗಿ ಮೊಣಕಾಲು ಉಜ್ಜತೊಡಗಿದ.

"ಸೋಮವಾರ ಗಣಿಗೆ ಇಳಿಯೋನು ಯಾವನೂ ಬೆನ್ನು ತೊಳೆಯಲ್ಲ. ಮೂವತ್ತು ವರ್ಷದಿಂದ ಗಣಿಯವರಿಗೆ ನೀರು ಕಾಯಿಸಿಕೊಟ್ಟಿದ್ದೀನಿ, ನನಗೆ ಸುಳ್ಳು ಹೇಳಬೇಡ."

ಸ್ಪೇನಿಗೆ ಹೊರಟದ್ದನ್ನೆಲ್ಲ ಒಪ್ಪಿಕೊಂಡ. ಅಲ್ಲಿ ಡಾಕ್ಟರು ಮೈ ನೋಡುತ್ತಾರಂತೆ, ಪರದೇಶದವರ ಮುಂದೆ ಮಸಿ ಬೆನ್ನು ತೋರಿಸಿದರೆ ನಮ್ಮ ಕಣಿವೆಗೇ ಅವಮಾನವಂತೆ. ನನಗೆ ನಗು ಬಂತು. ಅವ್ವನಿಗೆ ಬರಲಿಲ್ಲ.

"ನಿನ್ನ ಪಾರ್ಟಿ ಕೇಳಿದ್ದನ್ನೆಲ್ಲ ಕೊಟ್ಟಿದ್ದೀನಿ. ಸಭೆ ಮಾಡೋಕೆ ಅಡುಗೆಮನೆ ಕೊಟ್ಟೆ, ಬ್ಯಾನರು ಹೊಲಿಯೋಕೆ ಹಾಸಿಗೆ ಬಟ್ಟೆ ಕೊಟ್ಟೆ. ಮಗನ್ನ ಕೊಡಲ್ಲ. ನೀನು ಹೋಗಕೂಡದು."

ಅಪ್ಪಣೆ ಮೀರಿ ಹೋಗಿಬಿಡಬಹುದಿತ್ತು. ಮುಷ್ಕರದಲ್ಲಿ ಪೊಲೀಸರ ಲಾಠಿಗೆ ಎದೆಯೊಡ್ಡಿ ಮೂರು ತಿಂಗಳು ಜೈಲಿನಲ್ಲಿದ್ದು ಬಂದವನು ಅವನು. ಪಾರ್ಟಿಯ ಕಾರ್ಯದರ್ಶಿ ವಿಲ್ ಪೆನ್ರಿ ಹಿತ್ತಲ ಬಾಗಿಲಿಗೆ ಬಂದು ಪಿಸುಗುಟ್ಟಿದ, "ಹೇಳದೆ ಬಂದುಬಿಡೋ ಮಾರಾಯ. ಅಲ್ಲಿಂದ ಕಾಗದ ಬರೆದರಾಯ್ತು."

"ಅವ್ವ ಬೇಡ ಅಂದ ಮೇಲೂ ಕದ್ದು ಹೋಗೋಕೆ ನಾನೇನು ಕಳ್ಳನೇನೋ?" ಅಂದ ಇಸ್ಲ್ವಿನ್. "ಅವಳು ಹೂಂ ಅಂದರೆ ಹೋಗ್ತೀನಿ. ಇಲ್ಲದಿದ್ರೆ ಇಲ್ಲ."

ಸೋಮವಾರ ತೊಳೆದ ಬೆನ್ನು ಹೊತ್ತುಕೊಂಡು ಗಣಿಗೆ ಇಳಿದ. ಕೆಳಗೆ ಅಂಗಿ ಬಿಚ್ಚಿದಾಗ ಜೊತೆಗಾರರು ಬಿಟ್ಟಾರೆಯೇ? "ಏನಪ್ಪಾ ಮದುಮಗ, ಹೆಣ್ಣು ಯಾವೂರು?" ಅಂತ ವಾರವೆಲ್ಲ ಹಿಂಡಿದರು. ಮನೆಗೆ ಬಂದರೆ ಸೊಂಟ ಹಿಡಿದುಕೊಂಡು ನರಳುವನು, ಬೆನ್ನು ತೊಳೆದದ್ದಕ್ಕೇ ನೋವು ಬಂತಂತೆ. "ನಿನ್ನ ಪಾರ್ಟಿಯ ದಪ್ಪ ಪುಸ್ತಕದಲ್ಲಿ ಇದಕ್ಕೆ ಮದ್ದು ಬರೆದಿಲ್ವಾ?" ಅಂತ ಕೇಳಿದೆ. ನಗಲಿಲ್ಲ. ತಾಯಿ ಮಗ ಇಬ್ಬರೂ ಆ ದಿನಗಳಲ್ಲಿ ಒಂದೇ ಮೇಜಿನಲ್ಲಿ ಉಂಡರು, ಉಪ್ಪು ಬೇಕಾದರೂ ನನ್ನ ಕಡೆ ತಿರುಗಿ ಕೇಳಿದರು.

ಎರಡನೇ ವಾರದ ಕೊನೆಗೆ ಸ್ಪೇನಿನ ಮಕ್ಕಳಿಗಾಗಿ ಹಾಲಿನ ಡಬ್ಬಿ ಕೂಡಿಸಲು ಊರ ಹೆಂಗಸರು ಹೊರಟರು. ನಮ್ಮ ಬೀದಿಯ ಪಾಲು ಅವ್ವನದು. ಹಳೆಯ ಕೂಸಿನ ಗಾಡಿ ತಳ್ಳಿಕೊಂಡು ಮನೆಮನೆ ಹತ್ತಿದೆವು. ಮೇಲಿನ ತುದಿಯಲ್ಲಿ ಬೋವೆನ್ ಅಮ್ಮನ ಮನೆ. ಅವರ ಮಗ ಟ್ರೆವರ್ ಜನವರಿಯಲ್ಲೇ ಸ್ಪೇನಿಗೆ ಹೋಗಿದ್ದ, ಐದು ವಾರದಿಂದ ಕಾಗದವಿರಲಿಲ್ಲ. ಆಕೆ ನಾಲ್ಕು ಡಬ್ಬಿ ತಂದು ಗಾಡಿಯಲ್ಲಿಟ್ಟರು.

"ನಿಮ್ಮ ಇಸ್ಲ್ವಿನ್ ಹೇಗಿದ್ದಾನೆ ಹನ್ನಾ?"

"ಚೆನ್ನಾಗಿದ್ದಾನೆ. ಮನೇಲೇ ಇದ್ದಾನೆ."

"ಒಳ್ಳೇದಾಯ್ತು ಕಣಮ್ಮ. ಒಬ್ಬರ ಮಗನಾದ್ರೂ ಮನೇಲಿರ್ಲಿ" ಅಂದರು ಬೋವೆನ್ ಅಮ್ಮ. ಕೊಂಕು ಮಾತಲ್ಲ, ಮನಸಾರೆ ಅಂದ ಮಾತು.

ಇಳಿಜಾರಿನ ಅರ್ಧ ದಾರಿಯಲ್ಲಿ ಅವ್ವ ಗಾಡಿ ನಿಲ್ಲಿಸಿ ಕಲ್ಲಿನ ಗೋಡೆಯ ಮೇಲೆ ಕೂತುಬಿಟ್ಟಳು. "ಆ ಹೆಂಗಸು ನನ್ನನ್ನ ಒಂದು ಮಾತು ಚುಚ್ಚಿದ್ದಿದ್ರೆ ನಾನು ತಡ್ಕೋತಿದ್ದೆ ಗ್ವೆನ್. ತಿರುಗಿಸಿ ಎರಡು ಅಂದು ಬರ್ತಿದ್ದೆ. ಹಾಲು ಕೊಟ್ಟು ಕಳಿಸಿದಳಲ್ಲೇ" ಅಂದು ಅತ್ತಳು. ಅಪ್ಪನ ಮಣ್ಣಿನಲ್ಲೂ ನಾನು ಅವ್ವ ಅತ್ತದ್ದು ನೋಡಿರಲಿಲ್ಲ. ನನಗೆ ಭಯವಾಯಿತು, ಏನಾಗುತ್ತದೆಂದು ಆಗಲೇ ಗೊತ್ತಾಗಿತ್ತು.

ಮನೆಯಲ್ಲಿ ಇಸ್ಲ್ವಿನ್ ಲೀಕ್ ಸೊಪ್ಪು ಹಾಕಿದ ಕುರಿಮಾಂಸದ ಸಾರಿಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದ. ಅವ್ವ ಟೋಪಿ ಕೂಡ ತೆಗೆಯದೆ ಎದುರಿಗೆ ನಿಂತಳು. "ಊಟ ಮುಗಿಸು. ಆಮೇಲೆ ಯಾವತ್ತು ಹೊರಡ್ತೀಯ ಅಂತ ಹೇಳು. ಕಾಲುಚೀಲ ಹೊಲಿದಿಡಬೇಕು."

ಅಷ್ಟು ದೊಡ್ಡ ಆಳು, ತಟ್ಟೆಗೆ ಮುಖ ಬಗ್ಗಿಸಿ ಬಿಕ್ಕಿಬಿಕ್ಕಿ ಅತ್ತ.

ಅವನು ಹೊರಟ ಮೇಲೆ ಸ್ಪೇನಿನ ದಾರಿಯ ಪ್ಯಾರಿಸ್‌ನಿಂದ ಕಾಗದ ಬಂತು. ರೈಲು ನಿಲ್ದಾಣದಲ್ಲಿ ಒಬ್ಬರ ಗುರುತು ಒಬ್ಬರಿಗಿಲ್ಲದ ಹಾಗೆ, ಸುತ್ತಾಡಲು ಬಂದವರ ಹಾಗೆ ಇರಬೇಕೆಂದು ಇವರಿಗೆ ಪಾರ್ಟಿಯವರು ಹೇಳಿದ್ದರಂತೆ. ನಮ್ಮ ಕಣಿವೆಯ ಐವರು ಐದು ಮೂಲೆಯಲ್ಲಿ ನಿಂತರು. ರೈಲು ತಡವಾಯಿತು. ಗಣಿಯವರಿಗೆ ಕಾಯುವುದೆಂದರೆ ಕುಕ್ಕರಗಾಲಲ್ಲಿ ಕೂರುವುದೇ ತಾನೇ? ಒಬ್ಬ ಗೋಡೆಗೊರಗಿ ಕೂತ, ಅವನನ್ನು ನೋಡಿ ಇನ್ನೊಬ್ಬ ಹೋಗಿ ಪಕ್ಕದಲ್ಲಿ ಕೂತ, ಅರ್ಧ ಗಂಟೆಗೆ ಐವರೂ ಒಂದೇ ಸಾಲು! ಸಾಮಾನು ಹೊರುವ ಫ್ರೆಂಚ್ ಕೂಲಿಯೊಬ್ಬ ಇವರನ್ನು ನೋಡಿ, ನಕ್ಕು, ಪಾರ್ಟಿಯವರ ಹಾಗೆ ಮುಷ್ಟಿ ಎತ್ತಿ ವಂದಿಸಿ ಹೋದನಂತೆ. ಪೊಲೀಸಿನವನು ಆಕಡೆ ಮುಖ ತಿರುಗಿಸಿದನಂತೆ. ಅವ್ವ ಈ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿ, ಮೂರು ಸಲವೂ ನಕ್ಕಳು.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ವಿಲ್ ಪೆನ್ರಿ ಬಂದ. ಟೋಪಿ ಕೈಯಲ್ಲಿತ್ತು. ಮ್ಯಾಡ್ರಿಡ್ ಹತ್ತಿರದ ಒಂದು ಒಣ ಗುಡ್ಡದ ಮೇಲೆ, ಜುಲೈ ತಿಂಗಳಲ್ಲಿ, ಗಾಯಾಳುವೊಬ್ಬನನ್ನು ಹೊತ್ತು ತರುವಾಗ ಇಸ್ಲ್ವಿನ್ ಹೋಗಿಬಿಟ್ಟ, ಅಲ್ಲೇ ಮಣ್ಣು ಮಾಡಿದರು ಅಂದ. ನಾನು ಮೇಜು ಹಿಡಿದುಕೊಂಡೆ. ಅವ್ವ ನಿಂತೇ ಇದ್ದಳು.

"ತಪ್ಪು ನಮ್ಮದು ಹನ್ನಮ್ಮ" ಎಂದು ವಿಲ್ ಅಳತೊಡಗಿದ. "ಮನೆಗೊಬ್ಬನೇ ಗಂಡುಮಗ ಅಂತ ಗೊತ್ತಿದ್ದೂ ನಾವು ಅವನನ್ನ ಕಳಿಸಬಾರದಿತ್ತು."

"ನೀವ್ಯಾರೋ ಕಳಿಸೋಕೆ?" ಅಂದಳು ಅವ್ವ. "ನೀನು ಕರೆದೆ, ಅವನು ಬರ್ಲಿಲ್ಲ. ಎರಡು ವಾರ ನನ್ನ ಮುಂದೇನೇ ಕಾದು ಕೂತಿದ್ದ. ನಾನು ಹೋಗು ಅಂದ ಮೇಲೆ ಹೋದ. ನನ್ನ ಮಗನ್ನ ಕಳಿಸಿದವಳು ನಾನು ವಿಲ್. ಇದನ್ನ ನನ್ನಿಂದ ಕಿತ್ಕೋಬೇಡ."