ಗುಡ್ಡದ ಮೇಲಿನ ಟೋಪಿ

ಕಪ್ಪತಗುಡ್ಡವನ್ನು ನಾನು ಹತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ನಾನು ಹತ್ತಿದ್ದೇನೆಂದೇ ಹೇಳುತ್ತಾರೆ. ನನ್ನ ಹೆಂಡತಿ ಪಾಪ, ಹಾಗೆಂದು ನಂಬಿಕೊಂಡೇ ತೀರಿಹೋದಳು. ಹತ್ತದಿರುವುದೇನೂ ದೊಡ್ಡ ತಪ್ಪಲ್ಲ. ಹಿಮಾಲಯವನ್ನೂ ನಾನು ಹತ್ತಿಲ್ಲ, ಅದಕ್ಕೆ ಯಾರೂ ತಕರಾರು ಮಾಡಿಲ್ಲ. ಆದರೆ ಕರೆದುಕೊಂಡು ಹೋಗಬೇಕಾದ ತಂಗಿಯನ್ನು ಕರೆದುಕೊಂಡು ಹೋಗಲಿಲ್ಲವಲ್ಲ, ಅದರ ಲೆಕ್ಕವೇ ಬೇರೆ.

ಹೋದ ವಾರ ಮುಂಡರಗಿಯಿಂದ ನನ್ನ ತಂಗಿ ಶಾಂತವ್ವನ ಸೊಸೆ ಬಂದಿದ್ದಳು. ಚೀಲದಿಂದ ಒಂದು ಹಳೆಯ ಸೀರೆ ತೆಗೆದು ನನ್ನ ಮುಂದಿಟ್ಟಳು. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು.

"ಮಾವಾರ, ಸೆರಗಿನಾಗ ಎತ್ತರದ ಗುಡ್ಡ ಹರದೈತ್ರಿ. ಮಾಡಿದವರ ಕಡೀನ ರಿಪೇರಿ ಮಾಡಸ್ಕೊಂಡ ಬಾ ಅಂದಾರ ಅತ್ತಿಯಾರು."

ಸೀರೆಯ ಸೆರಗಿನಲ್ಲಿ ಗುಡ್ಡ ಹೇಗೆ ಬಂತು ಎಂದು ನೀವು ಕೇಳುವಿರಿ. ನಮ್ಮ ಕಡೆಯ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿ ಹಲ್ಲುಗಳ ಹಾಗೆ ಸಾಲಾಗಿ ಏಳುವ ತೆನಿ ಇರುತ್ತದೆ. ಎಲ್ಲ ಹಲ್ಲೂ ಒಂದೇ ಎತ್ತರ ಇರಬೇಕು. ಒಂದು ಹೆಚ್ಚುಕಡಿಮೆಯಾದರೂ ನೇಯಲು ಕೊಟ್ಟ ಸಾಹುಕಾರ ಸೀರೆಯನ್ನು ತಿರುಗಿ ಎಸೆಯುತ್ತಿದ್ದ. ಈ ಸೀರೆಯಲ್ಲಿ ಮಾತ್ರ ನಟ್ಟನಡುವಿನ ಹಲ್ಲೊಂದು ಉಳಿದವುಗಳ ತಲೆಯ ಮೇಲೆ ಎದ್ದು ನಿಂತಿದೆ. ಅದನ್ನು ನೇಯ್ದವನು ನಾನೇ. ಕಣ್ತಪ್ಪಿನಿಂದಲ್ಲ, ಅಳುಕಿನಿಂದ.

ನಾನು ಮೂರನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದು ಮಗ್ಗದಲ್ಲಿ ಕುಳಿತವನು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಬಿಟ್ಟು ದಿನವಿಡೀ ತುಳಿಯುವುದು. ಹೀಗೆ ಆಯುಷ್ಯವನ್ನೆಲ್ಲ ಅರ್ಧ ನೆಲದೊಳಗೆ ಕಳೆದವನಿಗೂ ಎತ್ತರಕ್ಕೂ ಎಂಥ ನಂಟು? ಮಾಳಿಗೆಯ ಕುಂಬಿ ಹತ್ತಿ ಹಪ್ಪಳ ಒಣಹಾಕಲು ಅವ್ವ ಹೇಳಿದರೂ ನನಗೆ ಹೊಟ್ಟೆನೋವು ಬರುತ್ತಿತ್ತು.

ತಂಗಿ ಶಾಂತಿ ಹಾಗಲ್ಲ. ಅವಳನ್ನು ಶಾಲೆ ಬಿಡಿಸಿ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕೂರಿಸಿದಾಗ ಭೂಗೋಳದ ಪುಸ್ತಕವೊಂದನ್ನು ಮರಳಿ ಕೊಡದೆ ಉಳಿಸಿಕೊಂಡಿದ್ದಳು. ಒಂದು ಕೈ ರಾಟಿಯ ಮೇಲೆ, ಒಂದು ಕಣ್ಣು ಪುಸ್ತಕದ ಮೇಲೆ. ನನ್ನ ಲಾಳಿ ಅತ್ತ ಹೋದರೆ "ಆಲ್ಪ್ಸ್" ಎನ್ನುವಳು, ಇತ್ತ ಬಂದರೆ "ಆಂಡೀಸ್". ರಾಕಿ, ಯೂರಲ್ ಎಲ್ಲವೂ ನಮ್ಮ ಮಗ್ಗದಲ್ಲಿ ಹಾದುಹೋದವು. ಕಿಲಿಮಂಜಾರೋ ಬಂದಾಗ ಮಾತ್ರ ಹೆಸರು ಮುಗಿಯುವವರೆಗೆ ಲಾಳಿಯನ್ನು ಹಿಡಿದು ಕಾಯಬೇಕಾಗುತ್ತಿತ್ತು.

"ಯಣ್ಣಾ, ಹಿಮ ಅಂದ್ರ ಹೆಂಗಿರತೈತಿ?"

"ಗದಗಿನ ಅಡತಿ ಅಂಗಡಿಯೊಳಗ ಹತ್ತಿ ಅರಳಿ ಒಟ್ಟಿರತಾರಲ್ಲ, ಹಂಗ," ಎಂದೆ, ದಿನಾ ನೋಡಿ ಬಂದವನಂತೆ.

ಆ ವರ್ಷವೇ ಎವರೆಸ್ಟ್ ಹತ್ತಿದರೆಂಬ ಖಬರ ಬಂತು. ಓಣಿಯೆಲ್ಲ ಅದೇ ಮಾತು. ಶಾಂತಿ ಬೆನ್ನು ಹತ್ತಿದಳು. "ಅದು ದೂರಾತು. ನಮ್ಮ ಕಪ್ಪತಗುಡ್ಡ ಇಲ್ಲೇ ಐತಲ್ಲ, ಒಮ್ಮಿ ಹತ್ತಿಸೋ ಯಣ್ಣಾ. ಲಗ್ನ ಆದ ಮ್ಯಾಲ ಯಾರು ಬಿಡತಾರ?"

"ಮೊದಲ ನಾ ದಾರಿ ನೋಡಿ ಬರತೀನಿ," ಎಂದೆ. ಒಂದು ಅಮಾವಾಸ್ಯೆ, ಮಗ್ಗಕ್ಕೆ ಬಿಡುವು. ಕಟ್ಟಿಗೆ ಮಾರಿ ಮರಳುತ್ತಿದ್ದ ಬಂಡಿ ಹತ್ತಿ ಗುಡ್ಡದ ಬುಡದ ಡೋಣಿ ಎಂಬ ಹಳ್ಳಿಗೆ ಹೋದೆ. ಹೊಸ ಟೋಪಿ, ಬಗಲಲ್ಲಿ ಬುತ್ತಿ. ನಾಲ್ಕು ಮಾರು ಏರಿ ಹಿಂದಿರುಗಿ ನೋಡಿದೆ ನೋಡಿ, ಬಂಡಿ ಬೆಂಕಿಪೆಟ್ಟಿಗೆಯಷ್ಟು ಕಂಡಿತು. ಅಲ್ಲೇ ಕುಳಿತೆ, ಕುಳಿತಲ್ಲಿಂದಲೇ ಜಾರುತ್ತ ಕೆಳಗೆ ಬಂದೆ. ಧೈರ್ಯ ಬರಲೆಂದು ಬುತ್ತಿ ಬಿಚ್ಚಿದರೆ ಎಲ್ಲಿತ್ತೋ ಒಂದು ಮಂಗ, ರೊಟ್ಟಿಗೆ ಕೈಹಾಕಿತು. ನಾನು ರೊಟ್ಟಿ ಬಿಡಲಿಲ್ಲ. ಅದು ಟೋಪಿ ಕಿತ್ತುಕೊಂಡು, ನಾನು ಏರಲಾರದ ಗುಡ್ಡವನ್ನು ಏರಿಹೋಯಿತು.

ಬರಿದಲೆಯಲ್ಲಿ ಮನೆಗೆ ಬಂದವನನ್ನು ಶಾಂತಿ ಬಾಗಿಲಲ್ಲೇ ಹಿಡಿದಳು. "ಟೋಪಿ ಎಲ್ಲೈತೋ?"

"ತುದಿಯೊಳಗ ಚಪ್ಪಡಿಗಲ್ಲು ಐತಿ. ಅದರ ಮ್ಯಾಲ ನಿಂತಿದ್ದೆ, ಗಾಳಿ ಒಯ್ತು."

ಅವಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಒಂದು ಸುಳ್ಳಿಗೆ ಅಷ್ಟು ಬೆಳಕು ಬಂದರೆ ಎರಡನೆಯದು ತಾನೇ ಬರುತ್ತದೆ. ತುಂಗಭದ್ರೆ ಬಿಳಿ ನೂಲಿನೆಳೆಯಂತೆ ಕಾಣುತ್ತದೆ ಎಂದೆ. ಲಕ್ಷ್ಮೇಶ್ವರ, ಶಿರಹಟ್ಟಿ ನಮ್ಮ ಚಿಕ್ಕಂದಿನಲ್ಲಿ ಸಂಸ್ಥಾನಿಕರ ಊರುಗಳು, ಗದಗು ಇಂಗ್ರೇಜರದು. "ಮ್ಯಾಲಿಂದ ನೋಡಿದ್ರ ಯಾವ ಊರು ಯಾರದಂತ ಗೊತ್ತಾಗೂದಿಲ್ಲ ಬಿಡು, ಎಲ್ಲಾ ಒಂದ ಎರಿಭೂಮಿ," ಎಂದೆ. ನನ್ನ ಬಾಯಿಂದ ಹೊರಟ ಒಂದೇ ಒಂದು ಶಹಾಣಾ ಮಾತು ಅದು, ಅದೂ ಸುಳ್ಳು. ಮುಂದೆ ಕನ್ನಡ ನಾಡು ಒಂದಾದ ದಿನ ಓಣಿಯ ಹಿರಿಯರು ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಅದನ್ನೇ ಮತ್ತೆ ಹೇಳಿಸಿದರು, ಪೇಡೆ ತಿನ್ನಿಸಿದರು. ಪೇಡೆ ತಿಂದ ಬಾಯಿಂದ ನಿಜ ಹೇಗೆ ಹೊರಡಬೇಕು?

ಇದೆಲ್ಲ ನಗುವ ಮಾತು. ಇನ್ನೊಂದು ಇದೆ. ಟೋಪಿ ಕಳೆದುಕೊಂಡ ವರ್ಷದ ಶ್ರಾವಣದಲ್ಲಿ ಓಣಿಯ ಹೆಣ್ಣುಮಕ್ಕಳು ಬಂಡಿ ಕಟ್ಟಿಕೊಂಡು ಗುಡ್ಡದ ಮಲ್ಲಯ್ಯನ ಗುಡಿಗೆ ಹೊರಟರು. ಶಾಂತಿ ತಲೆ ಹೆಣೆದುಕೊಂಡು ತಯಾರಾಗಿ ನಿಂತಿದ್ದಳು. ಅವ್ವ ಒಂದೇ ಕರಾರು ಹಾಕಿದಳು: "ನಿಮ್ಮಣ್ಣಗ ದಾರಿ ಗೊತ್ತೈತಿ. ಅವ ಬಂದ್ರ ಹೋಗು."

ದಾರಿ ನನಗೆ ಗೊತ್ತಿರಲಿಲ್ಲ. ಎಲ್ಲರೆದುರು ನಾಲ್ಕು ಮಾರಿಗೇ ಕುಳಿತುಬಿಟ್ಟರೆ? ಮಗ್ಗದಿಂದ ಏಳದೆಯೇ ಹೇಳಿದೆ, "ಅದೇನ್ ಹುಡುಗಾಟಿಕಿ ಅಲ್ಲ. ಗಟ್ಟಿ ಗಂಡಸ್ರಿಗೇ ಕಣ್ಣ ಕತ್ತಲಿ ಬರತಾವ. ನಿನ್ನ ಕೈಲೆ ಆಗೂದಿಲ್ಲ."

ಅವಳು ಹಟ ಮಾಡಲಿಲ್ಲ. ರಾಟಿಯ ಮುಂದೆ ಕುಳಿತಳು. ಅಂದು ನನ್ನ ಲಾಳಿಗೆ ಯಾವ ಪರ್ವತದ ಹೆಸರೂ ಸಿಗಲಿಲ್ಲ.

ನಾಡು ಒಂದಾದ ವರ್ಷವೇ ಅವಳ ಲಗ್ನ. ಅದಕ್ಕೆ ನಾನು ಈ ಸೀರೆ ನೇಯ್ದೆ. ಬಿಳಿಯ ತೆನಿಗಳು ಹಿಮದ ಸಾಲು, ನಡುವಿನದು ಎವರೆಸ್ಟ್. ನಿಜವಾದ ಗುಡ್ಡ ಕಸಿದುಕೊಂಡು ನೂಲಿನದು ಕೊಟ್ಟೆ. ಕೊಟ್ಟದ್ದೂ ಎಲ್ಲಿಗೆ? ಮುಂಡರಗಿಗೆ, ಮಾಳಿಗೆ ಹತ್ತಿದರೆ ಕಪ್ಪತಗುಡ್ಡ ಕಾಣುವ ಮನೆಗೆ.

ನಿನ್ನೆ ರಿಪೇರಿ ಮುಗಿಸಿ ನಾನೇ ಸೀರೆ ತೆಗೆದುಕೊಂಡು ಹೋದೆ. ಡಂಬಳ ದಾಟಿದ ಮೇಲೆ ಬಸ್ಸಿನ ಬಲಗಡೆ ಗುಡ್ಡ ಕಾಣಿಸಿತು. ನಾನು ಎಡಗಡೆ ನೋಡುತ್ತ ಕುಳಿತೆ. ಮನೆಯಲ್ಲಿ ಅತ್ತೆ ಸೊಸೆಯರ ಜಗಳ ನಡೆದಿತ್ತು. ಸೊಸೆ ಈ ಸಲ ಶ್ರಾವಣದಲ್ಲಿ ಗುಡ್ಡ ಹತ್ತಿ ಬಂದಿದ್ದಳಂತೆ.

"ಅತ್ತಿಯಾರ, ತುದಿತನಕ ಹೋಗಿದ್ವಿ. ಅಲ್ಲಿ ಯಾವ ಚಪ್ಪಡಿಗಲ್ಲೂ ಇಲ್ಲರಿ."

"ನೀ ಬ್ಯಾರೆ ಗುಡ್ಡ ಹತ್ತೀದಿ," ಎಂದಳು ಶಾಂತಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. "ನಮ್ಮಣ್ಣನ ಟೋಪಿ ಹಾರಿದ್ದು ಆ ಕಲ್ಲಿನ ಮ್ಯಾಲಿಂದನ. ನಮ್ಮ ಮನಿಯವರು ಬಂಡಿ ಹೂಡಿ ಹೋಗೂಣು ನಡಿ ಅಂದ್ರೂ ನಾ ಹೋಗಲಿಲ್ಲ. ತುದಿ ಹತ್ತಿ ಬಂದ ನಮ್ಮಣ್ಣ ನಿನ್ನ ಕೈಲೆ ಆಗೂದಿಲ್ಲ ಅಂದಿದ್ದ, ಮತ್ತ ನನಗೆಲ್ಲಿ ಆಗತೈತಿ ಅಂತ. ಅಗಾ ನೋಡ, ಅವನ ಬಂದಾ. ಕೇಳ ಬೇಕಾರ."

ಇಬ್ಬರೂ ನನ್ನ ಮುಖ ನೋಡಿದರು. ನನ್ನ ಸುಳ್ಳನ್ನು ಇಷ್ಟು ವರ್ಷ ಅವಳು ಸಾಕಿದ್ದಳು, ಅದಕ್ಕಾಗಿ ಸೊಸೆಯೊಡನೆ ಜಗಳಕ್ಕೂ ನಿಂತಿದ್ದಳು. ಸೀರೆಯನ್ನು ಅವಳ ತೊಡೆಯ ಮೇಲಿಟ್ಟೆ.

"ಟೋಪಿ ಗಾಳಿ ಒಯ್ಲಿಲ್ಲವ್ವ. ಬುಡದಾಗ ಮಂಗ್ಯಾ ಒಯ್ತು."

ಶಾಂತಿ ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ನಗು ನಿಂತಿತು. ಸೆರಗಿನ ನಡುವಿನ ಹಲ್ಲಿನ ಮೇಲೆ ಎಣ್ಣೆಗೈಯ ಬೆರಳು ಆಡಿಸುತ್ತ ಕೇಳಿದಳು:

"ಹಂಗಾರ ನಾ ಹತ್ತಬಹುದಾಗಿತ್ತೇನೋ ಯಣ್ಣಾ?"

"ಹತ್ತಬಹುದಾಗಿತ್ತು," ಎಂದೆ. "ನನ್ನ ಕೈಲೆ ಆಗಲಿಲ್ಲ, ಅದಕ್ಕ ನಿನ್ನ ಕೈಲೆ ಆಗೂದಿಲ್ಲಂದೆ. ತಪ್ಪಾತು ಶಾಂತಿ. ನಂದು ಭಾಳ ತಪ್ಪಾತವ್ವ."