ಮೇಷ್ಟ್ರ ಕ್ಯಾಂಡಿ ಪಾಠ

ಕೊರಟಗೆರೆಯ ಮಹಾಲಿಂಗಯ್ಯ ಮೇಷ್ಟ್ರು ಇಂಗ್ಲಿಷ್ ಪಾಠ ಶುರು ಮಾಡುತ್ತಿದ್ದುದೇ ಕ್ಯಾಂಡಿಯಿಂದ. ಹೊಸದಾಗಿ ತರಗತಿಗೆ ಬಂದವರ ಕೈಗೆ ಒಂದೊಂದು ಚೂರು ಕಲ್ಲುಸಕ್ಕರೆ ಹಾಕಿ, “ಹೆದರ್ಕಬೇಡ್ರಲಾ, ಇಂಗ್ಲಿಷೂ ಇಂಗೇ ಕರಗ್ತದೆ” ಅನ್ನುತ್ತಿದ್ದರು. ಸಂಸ್ಕೃತದಲ್ಲಿ ಖಂಡ ಅಂದರೆ ತುಂಡು, ಸಕ್ಕರೆಯ ಹರಳೂ ಹೌದು. ಅದು ಪರ್ಷಿಯಾದಲ್ಲಿ ಕಂದ್ ಆಗಿ, ಅರಬ್ಬರ ಬಾಯಿಗೆ ಬಿದ್ದು, ಫ್ರೆಂಚರ ಮನೆ ಹೊಕ್ಕು, ಕೊನೆಗೆ ಇಂಗ್ಲಿಷಿನಲ್ಲಿ ಕ್ಯಾಂಡಿಯಾಗಿ ಕೂತಿತು. ಮನೆಪಾಠದಲ್ಲೂ ಇದೇ ಕಥೆ. ಹೆಂಡತಿ ಸರೋಜಮ್ಮನವರಿಗೆ ಅಡುಗೆಮನೆಯಲ್ಲಿ ಅರ್ಧ ಕೇಳಿಸುತ್ತಿತ್ತು, ಇನ್ನರ್ಧ ಒಗ್ಗರಣೆ ಸದ್ದಿನಲ್ಲಿ ಹಾರಿಹೋಗುತ್ತಿತ್ತು.

ಮೇಷ್ಟ್ರಿಗೊಂದು ಚಾಳಿ. ಯಾರು ತಪ್ಪು ಹೇಳಿದರೂ ಸುಮ್ಮನಿರಲಾರರು. ಬೀಗರು ತಂದ ಲಗ್ನಪತ್ರಿಕೆಯನ್ನು ಅವರೆದುರಿಗೇ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟ ಆಸಾಮಿ! ಇನ್ನು ಹೆಂಡತಿಯ ಮಾತನ್ನು ಬಿಡುತ್ತಾರೆಯೇ? “ಈವಯ್ಯನ ಬಾಯಿ ಒಂದ್ಗಳಿಗೆ ಮುಚ್ಕಂಡಿರಬಾರ್ದಾ” ಎಂದು ಸರೋಜಮ್ಮ ಎಷ್ಟು ಸಲ ಗೊಣಗಿದ್ದರೋ.

ಯುಗಾದಿ ಕಳೆದ ಮೇಲೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. “ಅಯ್ಯೋ, ನನ್ ಬಾಯಿಗಿಷ್ಟು ಬೆಂಕಿ ಹಾಕ” ಎಂದು ಸರೋಜಮ್ಮ ಕೆನ್ನೆಕೆನ್ನೆ ಬಡಿದುಕೊಂಡರು. ಈಗ ಅವರಿಗೆ ಬೇಕಾಗಿದ್ದುದು ಗಂಡನ ಬಾಯಿಂದ ಒಂದೇ ಒಂದು ಮಾತು.

“ಅವರಿಗೆ ಗೊತ್ತಿರೋದನ್ನೇ ಹೇಳಿ ಮಾತಾಡಿಸ್ತಾ ಇರಿ, ಬಂದ್ರೂ ಬರಬಹುದು” ಎಂದಿದ್ದರು ಡಾಕ್ಟರು. ಸರೋಜಮ್ಮ ನೆಂಟರ ಸುದ್ದಿ ಹೇಳಿದರು, ವಚನ ಹೇಳಿದರು, ಸಂತೆಯ ರೇಟೂ ಹೇಳಿದರು. ಮೇಷ್ಟ್ರು ಗೋಡೆ ನೋಡುತ್ತ ಮಲಗಿರುತ್ತಿದ್ದರು. ಹೇಳುವುದೆಲ್ಲ ಮುಗಿದ ಒಂದು ಮಧ್ಯಾಹ್ನ ಸರೋಜಮ್ಮನವರಿಗೆ ಆ ಹಳೆಯ ಪಾಠ ನೆನಪಾಯಿತು.

“ಕೇಳ್ರೀ, ಈ ಕ್ಯಾಂಡಿ ಅನ್ನೋದು ಮೊದ್ಲು ಇಂಗ್ಲಿಷ್ನೋರ ಮಾತು. ಅವರಿಂದ ಅರಬ್ಬರು ಕಲ್ತ್ಕಂಡ್ರು. ಆಮೇಲೆ ನಮ್ಮೋರು ಅದನ್ನೇ ಖಂಡ ಅಂದ್ಬುಟ್ರು. ಅಲ್ವಾ?”

ಪಾಪ, ಬೇಕೆಂದು ಹೇಳಿದ್ದಲ್ಲ, ಅವರಿಗೆ ನೆನಪಿದ್ದುದೇ ಹಾಗೆ. ಪಾಠ ಪೂರಾ ತಲೆಕೆಳಗಾಗಿತ್ತು! ಮೇಷ್ಟ್ರು ಗೋಡೆ ಬಿಟ್ಟು ಇತ್ತ ತಿರುಗಿದರು. ಮುಖ ಕೆಂಪಾಯಿತು. ಎಡಗೈ ಮಂಚದ ಪಟ್ಟಿಯನ್ನು ಬಡಿಯಿತು.

“ತ... ತ...”

“ಏನ್ರೀ? ನೀರು ಬೇಕಾ?”

“ತಪ್ಪು!”

ಮದುವೆಯಾದಾಗಿನಿಂದ ಮೈ ಉರಿಸಿದ್ದ ಮಾತು ಅದು. ಸರೋಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಗಳಗಳನೆ ಅತ್ತುಬಿಟ್ಟರು. ಅಷ್ಟು ಸಂತೋಷ ಅವರಿಗೆ ಜನ್ಮದಲ್ಲಿ ಆಗಿರಲಿಲ್ಲ. ಆದರೆ ಅಳುತ್ತ ಕೂತರೆ ಬಂದ ಮಾತು ಮತ್ತೆ ಹೋಗಿಬಿಟ್ಟರೆ? ಗಡಬಡಿಸಿ ಕಣ್ಣೊರೆಸಿಕೊಂಡು, ಮಂಚಕ್ಕೆ ಇನ್ನಷ್ಟು ಹತ್ತಿರ ಸರಿದು, ಈ ಸಲ ಬೇಕೆಂದೇ ಕೇಳಿದರು:

“ಅಂಗಾರೆ ಚೀನಾದೋರ್ದಾ?”